ಜಾಮಾದ ಪಿಸ್ಟನ್: ಬ್ರೇಕ್ ಪ್ಯಾಡ್ ಬದಲಾಯಿಸುವಾಗ ಅರಿತಿರಬೇಕಾದ ಸಂಗತಿಗಳು

(ರಸ್ತೆ ಸುರಕ್ಷತಾ ಮಾಸಾಚರಣೆಯ ಅಂಗವಾಗಿ ಮುಂಬಯಿಯ ಕನ್ನಡ ಶ್ರೋತೃಗಳ ಮುಂದೆ ನೀಡಿದ ಉಪನ್ಯಾಸದ ಪಾಠ)



ರಸ್ತೆ ಸುರಕ್ಷತೆ ಎಂದೊಡನೆ ನಮ್ಮ ಗಮನ ಸಾಮಾನ್ಯವಾಗಿ ವೇಗದ ಮಿತಿ, ಸೀಟ್ ಬೆಲ್ಟ್, ಹೆಲ್ಮೆಟ್, ಮದ್ಯಪಾನ ಮುಂತಾದ ವಿಷಯಗಳತ್ತ ಹರಿಯುತ್ತದೆ. ಅದು ಸಹಜವೂ ಹೌದು, ಯುಕ್ತವೂ ಹೌದು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ, 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವುಗಳಲ್ಲಿ ಬಹುಪಾಲಿಗೆ ಅತಿವೇಗವೇ ಕಾರಣವೆಂಬುದು ತಮಗೆಲ್ಲ ತಿಳಿದ ವಿಷಯ. ಆದರೆ ಚಾಲಕನು ಎಷ್ಟೇ ಎಚ್ಚರದಿಂದಿದ್ದರೂ, ಆ ಎಚ್ಚರವು ಕಾರ್ಯರೂಪಕ್ಕೆ ಬರಬೇಕಾದುದು ಬ್ರೇಕಿನ ಮೂಲಕವೇ. ಇಂದು ನಾನು ಪ್ರಸ್ತಾಪಿಸಲಿರುವುದು ಆ ಬ್ರೇಕಿನ ಒಂದು ಸಣ್ಣ ಭಾಗದ ವಿಚಾರ. ಅಂಗೈಯಲ್ಲಿ ಹಿಡಿಯಬಹುದಾದ, ಬಟ್ಟಲಿನಾಕಾರದ ಆ ಭಾಗಕ್ಕೆ ಪಿಸ್ಟನ್ ಎಂದು ಹೆಸರು. ಬ್ರೇಕ್ ಪ್ಯಾಡ್ ಬದಲಾಯಿಸುವ ದಿನ ಈ ಪಿಸ್ಟನ್ ಹಿಂದಕ್ಕೆ ಸರಿಯಲು ಒಪ್ಪದಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ನನ್ನ ಮಾತಿನ ವಿಷಯ.

ಇದನ್ನು ಆರಿಸಿಕೊಳ್ಳಲು ನನ್ನದೇ ಅನುಭವವೊಂದು ಕಾರಣ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ರಜೆಯಲ್ಲಿ ಕುಟುಂಬ ಸಮೇತನಾಗಿ ಇಲ್ಲಿಂದ ಊರಿಗೆ ಕಾರಿನಲ್ಲಿ ಹೊರಟಿದ್ದೆ. ಹೊರಡುವ ಎರಡು ದಿನ ಮೊದಲು ಮನೆಯ ಸಮೀಪದ ಗ್ಯಾರೇಜೊಂದರಲ್ಲಿ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳನ್ನು ಬದಲಾಯಿಸಿದ್ದೆ. ಎಡಗಡೆಯ ಪಿಸ್ಟನ್ ಒಳಗೆ ಹೋಗುತ್ತಿಲ್ಲವೆಂದು ಕೆಲಸದ ಹುಡುಗ ಹೇಳಿದ. ಕಬ್ಬಿಣದ ಸಲಾಕೆಯಿಟ್ಟು ಮೀಟಿ, ಹೇಗೋ ಒಳಗೆ ದೂಡಿ, ಹೊಸ ಪ್ಯಾಡುಗಳನ್ನು ಕೂರಿಸಿದ. ನಾನೂ ಸುಮ್ಮನಿದ್ದೆ. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ದಾರಿಯುದ್ದಕ್ಕೂ ಕಾರು ತುಸು ಎಡಕ್ಕೆ ಎಳೆಯುತ್ತಿತ್ತು. ರಸ್ತೆಯ ವಾಲಿಕೆಯಿಂದ ಹಾಗಾಗುತ್ತಿದೆಯೆಂದು ಭಾವಿಸಿದೆ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುತ್ತಿರುವಾಗ ಸುಟ್ಟ ವಾಸನೆ ಮೂಗಿಗೆ ಅಡರಿತು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗಿಳಿದು ನೆಲ ಮುಟ್ಟಿತು. ಗೇರು ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಗುಡ್ಡದ ಬದಿಗೆ ಕಾರನ್ನು ಒರಗಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ರಿಸುತ್ತಿದ್ದರು.

ಹಿಂದೆ ಬರುತ್ತಿದ್ದ ಲಾರಿಯ ಚಾಲಕರು ಇಳಿದು ಬಂದು, ಕಾದ ಚಕ್ರಕ್ಕೆ ನೀರು ಸುರಿಯಬಾರದೆಂದೂ, ಆ ಕಾರಿನಲ್ಲಿ ಮುಂದೆ ಹೋಗಲೇಬಾರದೆಂದೂ ಹೇಳಿ, ಅಂಕೋಲೆಯಿಂದ ಮೆಕ್ಯಾನಿಕ್ ಒಬ್ಬರನ್ನು ಕಳುಹಿಸಿಕೊಟ್ಟರು. ಕಾರನ್ನು ಎಳೆಸಿಕೊಂಡು ಹೋಗಿ ಮರುದಿನ ಕ್ಯಾಲಿಪರ್ ಬಿಚ್ಚಿದಾಗ ಪಿಸ್ಟನ್ನಿನ ಒಂದು ಮಗ್ಗುಲು ತುಕ್ಕು ಹಿಡಿದು ಒರಟಾಗಿತ್ತು. ಅದನ್ನು ನನ್ನ ಕೈಗಿತ್ತು ಆ ಹಿರಿಯ ಮೆಕ್ಯಾನಿಕ್ ಹೇಳಿದ ಮಾತು ಇಷ್ಟೇ: "ಪ್ಯಾಡು ಹೊಸದು ಹಾಕಿದ್ದಾರೆ ಸಾರ್. ಆದರೆ ಈ ಪಿಸ್ಟನ್ ಯಾಕೆ ಬಿಗಿಯಾಯಿತು ಅಂತ ಯಾರೂ ಕೇಳಲೇ ಇಲ್ಲ." ಇಂದಿನ ನನ್ನ ಉಪನ್ಯಾಸದ ಸಾರವೆಲ್ಲ ಆ ಒಂದು ಮಾತಿನಲ್ಲಿದೆ.

ಡಿಸ್ಕ್ ಬ್ರೇಕಿನ ಕಾರ್ಯವಿಧಾನ

ಡಿಸ್ಕ್ ಬ್ರೇಕಿನ ಕಲ್ಪನೆ ಹೊಸದಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. 1953ರ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದ ಮೇಲೆ ಇದರ ಹಿರಿಮೆ ಲೋಕಕ್ಕೆ ಮನವರಿಕೆಯಾಯಿತು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಎಲ್ಲ ಕಾರುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳೇ ಇರುತ್ತವೆ.

ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಇಕ್ಕಳದಂತೆ ಎರಡೂ ಕಡೆಯಿಂದ ಅಪ್ಪಿರುವ ಭಾಗ ಕ್ಯಾಲಿಪರ್. ಡಿಸ್ಕಿನ ಇಬ್ಬದಿಯಲ್ಲಿ ಒಂದೊಂದು ಪ್ಯಾಡ್ ಇರುತ್ತದೆ. ನಾವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವು ದ್ರವದ ಮೂಲಕ ಕ್ಯಾಲಿಪರನ್ನು ತಲುಪಿ ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಕ್ರಿಯೆಯಿಂದ ಇಡೀ ಕ್ಯಾಲಿಪರ್ ತನ್ನ ಗೈಡ್ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಒತ್ತುತ್ತದೆ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲನ ನಿಯಮವೇ ಇದಕ್ಕೆ ಆಧಾರ. ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿಲಿಮೀಟರ್, ಕ್ಯಾಲಿಪರ್ ಪಿಸ್ಟನ್ನಿನ ವ್ಯಾಸ 50 ಮಿಲಿಮೀಟರ್ ಇದ್ದರೆ, ಬಲವು ಆರು ಪಟ್ಟಿಗಿಂತ ಅಧಿಕವಾಗುತ್ತದೆ.

ಪೆಡಲ್ ಬಿಟ್ಟ ಮೇಲೆ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಅಲ್ಲಿ ಸ್ಪ್ರಿಂಗ್ ಇರುವುದಿಲ್ಲ. ಆ ಕೆಲಸವನ್ನು ಮಾಡುವುದು ಒಂದು ರಬ್ಬರ್ ಸೀಲ್. ಸಿಲಿಂಡರಿನ ಗೋಡೆಯಲ್ಲಿ ಕೊರೆದ ತೋಡಿನಲ್ಲಿ ಕುಳಿತು ಪಿಸ್ಟನ್ನನ್ನು ಬಿಗಿಯಾಗಿ ತಬ್ಬಿರುವ ಈ ಸೀಲ್, ಪಿಸ್ಟನ್ ಮುಂದೆ ಹೋದಾಗ ತಾನೂ ತುಸು ಬಾಗುತ್ತದೆ. ಒತ್ತಡ ಇಳಿದಾಗ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಕರೆದೊಯ್ಯುತ್ತದೆ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಸೀಲಿನೊಳಗೆ ಜಾರಿ ಹೊಸ ಜಾಗದಲ್ಲಿ ನೆಲೆಗೊಳ್ಳುತ್ತದೆ. ಹೊಸ ಪ್ಯಾಡಿನ ಘರ್ಷಣಾ ಪದರ ಸುಮಾರು 10 ಮಿಲಿಮೀಟರ್ ದಪ್ಪವಿದ್ದು, ಅದು 3 ಮಿಲಿಮೀಟರಿಗೆ ಇಳಿದಾಗ ಬದಲಾಯಿಸುವುದು ವಾಡಿಕೆ. ಆ ವೇಳೆಗೆ ಪಿಸ್ಟನ್ ಬಹಳಷ್ಟು ಹೊರಗೆ ಬಂದಿರುತ್ತದೆ. ದಪ್ಪನೆಯ ಹೊಸ ಪ್ಯಾಡುಗಳಿಗೆ ಜಾಗ ಮಾಡಿಕೊಡಲು ಅದನ್ನು ಮರಳಿ ಒಳಕ್ಕೆ ದೂಡಲೇಬೇಕು. ಅನೇಕ ತಿಂಗಳು, ವರ್ಷಗಳಿಂದ ಅಡಗಿದ್ದ ದೋಷ ಬೆಳಕಿಗೆ ಬರುವುದು ಈ ಘಳಿಗೆಯಲ್ಲಿಯೇ.

ಪಿಸ್ಟನ್ ಏಕೆ ಬಿಗಿಯಾಗುತ್ತದೆ?

ಮೊದಲನೆಯ ಕಾರಣ ಹೊರಗಿನ ನೀರು. ಪಿಸ್ಟನ್ನಿನ ಹೊರತುದಿಯನ್ನು ಧೂಳು, ನೀರುಗಳಿಂದ ಕಾಪಾಡಲು ರಬ್ಬರಿನ ಬೂಟ್ ಇರುತ್ತದೆ. ಅದು ಹರಿದರೆ ಮಳೆಗಾಲದ ಕೆಸರುನೀರು ಒಳಸೇರಿ ಪಿಸ್ಟನ್ನಿಗೆ ತುಕ್ಕು ಹಿಡಿಸುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಉಪ್ಪಿನಂಶದ ಗಾಳಿಯೂ ಇದಕ್ಕೆ ನೆರವಾಗುತ್ತದೆ. ವಾರವೆಲ್ಲ ಲೋಕಲ್ ರೈಲಿನಲ್ಲಿ ಓಡಾಡಿ, ಕಾರನ್ನು ಕಟ್ಟಡದ ಆವರಣದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿರುವ ನಮ್ಮಂಥವರ ವಾಹನಗಳಲ್ಲಿ, ಚಲನೆಯೇ ಇಲ್ಲದೆ ಪಿಸ್ಟನ್ ಇದ್ದಲ್ಲೇ ಅಂಟಿಕೊಳ್ಳುವ ಸಂಭವ ಇನ್ನೂ ಹೆಚ್ಚು.

ಎರಡನೆಯ ಕಾರಣ ಒಳಗಿನ ನೀರು. ಗ್ಯಾರೇಜುಗಳಲ್ಲಿ ನಾವೆಲ್ಲ 'ಬ್ರೇಕ್ ಆಯಿಲ್' ಎಂದು ಕರೆಯುವ ದ್ರವ ವಾಸ್ತವವಾಗಿ ಎಣ್ಣೆಯಲ್ಲ. ಡಾಟ್-3, ಡಾಟ್-4 ಎಂಬ ಹೆಸರಿನಲ್ಲಿ ದೊರೆಯುವ ಈ ದ್ರವ ಗ್ಲೈಕಾಲ್ ವರ್ಗಕ್ಕೆ ಸೇರಿದ್ದು, ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಳ್ಳದ್ದು. ಹೀರಿದ ನೀರು ಸಿಲಿಂಡರನ್ನು ಒಳಗಿನಿಂದ ಕೊರೆಯುತ್ತದೆ. ಜೊತೆಗೆ ದ್ರವದ ಕುದಿಬಿಂದುವನ್ನೂ ಇಳಿಸುತ್ತದೆ. ಡಾಟ್-3 ದ್ರವ ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಷಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಸ್ಥಿತಿಗೆ ಅದೇ ಮಾನದಂಡವು ನಿಗದಿಪಡಿಸಿರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್-4ಕ್ಕೆ ಈ ಅಂಕಿಗಳು ಕ್ರಮವಾಗಿ 230 ಮತ್ತು 155. ಆದುದರಿಂದಲೇ ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಈ ದ್ರವವನ್ನು ಬದಲಾಯಿಸಬೇಕೆಂದು ತಯಾರಕರು ಸೂಚಿಸುತ್ತಾರೆ.

ಇನ್ನು ಕೆಲವೊಮ್ಮೆ ಪಿಸ್ಟನ್ ನಿರ್ದೋಷಿಯಾಗಿದ್ದು ತಪ್ಪು ಬೇರೆಡೆ ಇರುತ್ತದೆ. ಹಳೆಯ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡರೆ, ಬಲವಾಗಿ ಒತ್ತಿದ ದ್ರವ ಮುಂದೆ ಹೋಗುತ್ತದೆಯೇ ಹೊರತು ಹಿಂದಿರುಗುವುದಿಲ್ಲ. ಗೈಡ್ ಪಿನ್ನುಗಳ ಗ್ರೀಸ್ ಒಣಗಿದ್ದರೆ ಕ್ಯಾಲಿಪರ್ ಜಾರುವುದಿಲ್ಲ. ಹಿಂದಿನ ಚಕ್ರಗಳಿಗೂ ಡಿಸ್ಕ್ ಬ್ರೇಕಿರುವ ಹಲವು ಕಾರುಗಳಲ್ಲಿ ಹ್ಯಾಂಡ್ ಬ್ರೇಕಿನ ಯಂತ್ರಾಂಗವು ಪಿಸ್ಟನ್ನಿನೊಳಗೇ ಇರುತ್ತದೆ. ಅಂಥ ಪಿಸ್ಟನ್ನನ್ನು ನೇರವಾಗಿ ದೂಡಿದರೆ ಎಂದಿಗೂ ಹೋಗದು. ತಕ್ಕ ಉಪಕರಣದಿಂದ ತಿರುಪಿನಂತೆ ತಿರುಗಿಸುತ್ತ ಒಳಗೆ ಕಳುಹಿಸಬೇಕು. ವಿದ್ಯುನ್ಮಾನ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಅದನ್ನು ದುರಸ್ತಿಯ ಸ್ಥಿತಿಗೆ ತರಬೇಕು. ಇದನ್ನರಿಯದೆ ಬಲಪ್ರಯೋಗ ಮಾಡಿ ಒಳ್ಳೆಯ ಕ್ಯಾಲಿಪರನ್ನೇ ಕೆಡಿಸಿದ ನಿದರ್ಶನಗಳು ವಿರಳವಲ್ಲ.

ಅಪಾಯದ ಸ್ವರೂಪ

ಬಿಗಿಯಾದ ಪಿಸ್ಟನ್ ಇದ್ದರೂ ಕಾರು ಓಡುತ್ತದಲ್ಲ ಎಂದು ಕೆಲವರು ಕೇಳಬಹುದು. ಓಡುತ್ತದೆ, ನಿಜ. ಆದರೆ ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಿರುತ್ತದೆ. ಬ್ರೇಕಿನ ಕೆಲಸವೆಂದರೆ ಚಲನೆಯ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು. 1,200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 72 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲುವಾಗ 2,40,000 ಜೂಲ್ ಶಾಖ ಹೊಮ್ಮುತ್ತದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು 57 ಡಿಗ್ರಿಯಷ್ಟು ಏರಿಸಲು ಇದು ಸಾಕು. ಅದೇ ಕಾರು 500 ಮೀಟರ್ ಎತ್ತರದ ಘಟ್ಟವನ್ನು ಬ್ರೇಕನ್ನೇ ನಂಬಿ ಇಳಿದರೆ ಇದರ 24 ಪಟ್ಟು ಶಾಖವನ್ನು ಬ್ರೇಕುಗಳು ತಾಳಬೇಕಾಗುತ್ತದೆ. ಒಂದು ಚಕ್ರದಲ್ಲಿ ಪಿಸ್ಟನ್ ಮೊದಲೇ ಸಿಕ್ಕಿಕೊಂಡಿದ್ದರೆ ಅಲ್ಲಿ ಶಾಖ ಆರಲು ಬಿಡುವೇ ಇರದು. ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹಾಗಾಗಿ ಪೆಡಲ್ ಒತ್ತಿದ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಚಕ್ರಕ್ಕೆ ಬ್ರೇಕ್ ಬೀಳುವುದಿಲ್ಲ. ಅರಬೈಲು ಘಟ್ಟದಲ್ಲಿ ನನಗಾದುದು ಇದೇ. ಖಂಡಾಲ, ಖಂಬಾಟಕಿ, ಆಂಬೋಲಿ, ಶಿರಾಡಿ, ಚಾರ್ಮಾಡಿ, ಆಗುಂಬೆ ಮುಂತಾದ ಘಟ್ಟಗಳನ್ನು ದಾಟಿ ಊರಿಗೆ ಹೋಗಿಬರುವ ನಾವು ಇದನ್ನು ಮರೆಯಲಾಗದು.

ದೋಷವನ್ನು ಗುರುತಿಸುವ ಬಗೆ

ಲಕ್ಷಣಗಳು ಮೊದಲೇ ಕಾಣಿಸಿಕೊಳ್ಳುತ್ತವೆ. ಕಾರು ಒಂದು ಬದಿಗೆ ಎಳೆಯುವುದು, ಒಂದು ಚಕ್ರದಿಂದ ಸುಟ್ಟ ವಾಸನೆ ಬರುವುದು, ಒಂದು ಚಕ್ರದ ರಿಮ್ ಮಾತ್ರ ಬೇಗನೆ ಕಪ್ಪಾಗುವುದು, ಇಂಧನದ ಖರ್ಚು ಹೆಚ್ಚುವುದು ಇವು ಮುಖ್ಯವಾದವು. ಹೆಚ್ಚು ಬ್ರೇಕ್ ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರಗಳನ್ನು ಮುಟ್ಟದೆ ಅವುಗಳ ಬಳಿ ಅಂಗೈ ಹಿಡಿದರೆ, ಯಾವ ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದೆಯೆಂಬುದು ತಿಳಿಯುತ್ತದೆ. ಬಿಚ್ಚಿದ ಹಳೆಯ ಪ್ಯಾಡುಗಳನ್ನು ಎಸೆಯುವ ಮುನ್ನ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಚಕ್ರದ ಒಳ ಪ್ಯಾಡ್ ಮತ್ತು ಹೊರ ಪ್ಯಾಡ್ ಬೇರೆ ಬೇರೆ ದಪ್ಪವಿದ್ದರೆ ಪಿಸ್ಟನ್ನೋ ಗೈಡ್ ಪಿನ್ನೋ ಸಿಕ್ಕಿಕೊಂಡಿದೆಯೆಂದು ಸಂಶಯಿಸಬೇಕು.

ಪಿಸ್ಟನ್ ಹಿಂದೆ ಸರಿಯದಿದ್ದಾಗ ಮಾಡಬೇಕಾದ ಒಂದು ಸರಳ ಪರೀಕ್ಷೆಯಿದೆ. ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್‌ಗೆ ಸಣ್ಣ ಕೊಳವೆ ಜೋಡಿಸಿ, ಅದರ ತುದಿಯನ್ನು ಬಾಟಲಿಯಲ್ಲಿಟ್ಟು, ನಿಪ್ಪಲನ್ನು ಸಡಿಲಿಸಿ ಪಿಸ್ಟನ್ನನ್ನು ಒತ್ತಬೇಕು. ಆಗ ಅದು ಸರಾಗವಾಗಿ ಹೋದರೆ ತೊಂದರೆಯಿರುವುದು ಹೋಸ್‌ನಲ್ಲಿ ಅಥವಾ ಅದಕ್ಕೂ ಮೇಲೆ. ಆಗಲೂ ಹೋಗದಿದ್ದರೆ ಪಿಸ್ಟನ್ನೇ ಬಿಗಿಯಾಗಿದೆಯೆಂದು ತಿಳಿಯಬೇಕು. ಒತ್ತುವ ಬಲವನ್ನು ಬಿಡುವ ಮೊದಲೇ ನಿಪ್ಪಲನ್ನು ಮುಚ್ಚಬೇಕು. ಇಲ್ಲವಾದರೆ ಗಾಳಿ ಒಳಸೇರುತ್ತದೆ. ಈ ಕ್ರಮದಲ್ಲಿ ಇನ್ನೊಂದು ಲಾಭವಿದೆ. ಕ್ಯಾಲಿಪರಿನಲ್ಲಿ ಸಂಗ್ರಹವಾದ ಕೊಳಕು ದ್ರವ ಹೊರಗೆ ಹೋಗುತ್ತದೆಯೇ ಹೊರತು ಎಬಿಎಸ್ ಘಟಕದತ್ತ ಹಿಂದಿರುಗುವುದಿಲ್ಲ.

ಪರಿಹಾರದ ಕ್ರಮ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಜಾಕ್‌ನಿಂದ ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕ್ ನಂಬಿ ಕೆಲಸ ಮಾಡುವುದು ಅಪಾಯಕರ. ಬಿಚ್ಚಿದ ಕ್ಯಾಲಿಪರನ್ನು ಹೋಸ್‌ನಿಂದ ಜೋತುಬಿಡದೆ ತಂತಿಯಿಂದ ಕಟ್ಟಿ ನಿಲ್ಲಿಸಬೇಕು. ಧೂಳನ್ನು ಊದಬಾರದು, ಗಾಳಿಯ ಪೈಪಿನಿಂದ ಹಾರಿಸಲೂಬಾರದು. ಹಳೆಯ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದಲೋ ಬ್ರೇಕ್ ಕ್ಲೀನರಿನಿಂದಲೋ ಶುಚಿಗೊಳಿಸುವುದು ಲೇಸು.

ಪಿಸ್ಟನ್ನಿನ ಮೇಲೆ ಹಳೆಯ ಪ್ಯಾಡನ್ನಿಟ್ಟು, ಸಿ-ಕ್ಲಾಂಪಿನಿಂದ ನಿಧಾನವಾಗಿ, ನೇರವಾಗಿ ಒತ್ತಬೇಕು. ಸ್ಕ್ರೂಡ್ರೈವರ್ ಅಥವಾ ಸಲಾಕೆಯಿಂದ ಒಂದು ಬದಿಗೆ ಮೀಟಿದರೆ ಪಿಸ್ಟನ್ ಓರೆಯಾಗಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ, ಬೂಟ್ ಹರಿಯುತ್ತದೆ. ನಿಪ್ಪಲ್ ತೆರೆಯದೆ ಒತ್ತುವುದಾದರೆ ಮೇಲಿನ ಡಬ್ಬಿಯಲ್ಲಿ ದ್ರವ ಉಕ್ಕದಂತೆ ನೋಡಿಕೊಳ್ಳಬೇಕು. ಅದು ಕಾರಿನ ಬಣ್ಣವನ್ನು ಕೆಡಿಸುವುದರಿಂದ, ಚೆಲ್ಲಿದರೆ ಒಡನೆಯೇ ನೀರಿನಿಂದ ತೊಳೆಯಬೇಕು.

ಹದವಾದ ಬಲಕ್ಕೆ ಪಿಸ್ಟನ್ ಮಣಿಯದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಇನ್ನು ಒಳಗೆ ದೂಡುವ ಯತ್ನ ಬೇಡ. ಹೊರಗೆ ತೆಗೆದು ನೋಡುವುದೇ ಸರಿಯಾದ ದಾರಿ. ಹೋಸ್ ಬಿಚ್ಚುವ ಮೊದಲು, ಕ್ಯಾಲಿಪರಿನಲ್ಲಿ ಮರದ ತುಂಡನ್ನಿಟ್ಟು, ಮತ್ತೊಬ್ಬರಿಂದ ಪೆಡಲನ್ನು ಮೆಲ್ಲಗೆ ಒತ್ತಿಸಿದರೆ ದ್ರವದ ಒತ್ತಡವೇ ಪಿಸ್ಟನ್ನನ್ನು ಹೊರತರುತ್ತದೆ. ಕಂಪ್ರೆಸರಿನ ಗಾಳಿಯಿಂದ ಹೊರಹಾಕುವ ಪದ್ಧತಿ ಗ್ಯಾರೇಜುಗಳಲ್ಲುಂಟು. ಆದರೆ ಆಗ ಪಿಸ್ಟನ್ ಗುಂಡಿನಂತೆ ಚಿಮ್ಮಿ ಬೆರಳುಗಳನ್ನು ಜಜ್ಜಬಲ್ಲುದು. ಅಭ್ಯಾಸವಿಲ್ಲದವರು ಅದಕ್ಕೆ ಕೈಹಾಕಬಾರದು.

ಹೊರಬಂದ ಪಿಸ್ಟನ್ನಿನ ಮೈಯನ್ನು ಬೆರಳಿನಿಂದ ಸವರಿ ನೋಡಬೇಕು. ಸೀಲ್ ತಬ್ಬಿರುವುದು ಆ ಮೈಯನ್ನೇ ಆದ್ದರಿಂದ ಅಲ್ಲಿ ತುಕ್ಕಿನ ಗುಳಿಗಳಿದ್ದರೆ, ಮೇಲ್ಲೇಪ ಎದ್ದಿದ್ದರೆ, ಉಜ್ಜಿ ಮತ್ತೆ ಬಳಸಬಾರದು. ಹೊಸ ಪಿಸ್ಟನ್ ಅಥವಾ ಹೊಸ ಕ್ಯಾಲಿಪರನ್ನೇ ಹಾಕಬೇಕು. ಬರಿಯ ಕೊಳೆಯಾಗಿದ್ದರೆ ಶುಚಿಗೊಳಿಸಿದರೆ ಸಾಕು. ಎರಡೂ ಸಂದರ್ಭಗಳಲ್ಲಿ ಸೀಲ್ ಮತ್ತು ಬೂಟ್ ಹೊಸದಾಗಿರಬೇಕು. ಬಿಡಿಭಾಗಗಳ ಅಂಗಡಿಯಲ್ಲಿ ಕ್ಯಾಲಿಪರ್ ಕಿಟ್ ಎಂದು ಕೇಳಿದರೆ ಇವು ದೊರೆಯುತ್ತವೆ. ಜೋಡಿಸುವಾಗ ಹೊಸ ಬ್ರೇಕ್ ದ್ರವವನ್ನೇ ಸವರಬೇಕು. ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಇವುಗಳಲ್ಲಿ ಯಾವುದೊಂದೂ ಸೀಲಿಗೆ ತಗುಲಬಾರದು. ಖನಿಜ ತೈಲ ತಾಗಿದರೆ ಆ ರಬ್ಬರ್ ಊದಿಕೊಂಡು, ಸರಿಪಡಿಸಿದ ಪಿಸ್ಟನ್ ಮತ್ತೆ ಜಾಮಾಗುತ್ತದೆ. 'ಆಯಿಲ್' ಎಂಬ ಹೆಸರು ತಂದೊಡ್ಡುವ ಅನರ್ಥ ಇದು. ಗೈಡ್ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬಳಿಕ ಬ್ಲೀಡ್ ಮಾಡಿ ಗಾಳಿಯನ್ನು ಪೂರ್ತಿಯಾಗಿ ಹೊರಹಾಕಬೇಕು. ಪ್ಯಾಡುಗಳನ್ನು ಎಡ ಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಾಯಿಸಬೇಕು.

ಕೆಲಸ ಮುಗಿದ ಮೇಲಿನ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬಯಸುತ್ತೇನೆ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಬಾರಿ ಒತ್ತಿದಾಗ ಪೆಡಲ್ ನೆಲ ಮುಟ್ಟುತ್ತದೆ. ಕಾರನ್ನು ಅಲುಗಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಇದನ್ನು ಮರೆತು ಗ್ಯಾರೇಜಿನ ಬಾಗಿಲಲ್ಲೇ ಎದುರಿನ ಗೋಡೆಗೆ ಗುದ್ದಿದವರಿದ್ದಾರೆ. ಮೊದಲ 200-300 ಕಿಲೋಮೀಟರ್ ಬಲವಾಗಿ ಬ್ರೇಕ್ ಹಾಕುವ ಸಂದರ್ಭ ಬಾರದಂತೆ ಓಡಿಸಿ, ಹೊಸ ಪ್ಯಾಡುಗಳು ಡಿಸ್ಕಿಗೆ ಹೊಂದಿಕೊಳ್ಳಲು ಅವಕಾಶ ಕೊಡಬೇಕು. ದೂರದ ಪ್ರಯಾಣದ ಮುನ್ನಾದಿನ ಈ ಕೆಲಸ ಮಾಡಿಸದೆ ಒಂದೆರಡು ವಾರ ಮೊದಲೇ ಮಾಡಿಸುವುದು ವಿವೇಕ.

ನಮ್ಮ ಹೊಣೆ

ತಮ್ಮಲ್ಲಿ ಬಹುಮಂದಿ ಈ ಕೆಲಸವನ್ನು ಸ್ವತಃ ಮಾಡುವವರಲ್ಲ, ಮಾಡಬೇಕಾಗಿಯೂ ಇಲ್ಲ. ಅನುಭವವಿಲ್ಲದವರು ಬ್ರೇಕಿನಲ್ಲಿ ಪ್ರಯೋಗ ನಡೆಸಬಾರದೆಂಬುದೇ ನನ್ನ ಸಲಹೆ. ಆದರೆ ಮೆಕ್ಯಾನಿಕ್ ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು ನಾಲ್ಕು ಪ್ರಶ್ನೆ ಕೇಳಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಪಿಸ್ಟನ್ ಸರಾಗವಾಗಿ ಹಿಂದೆ ಹೋಯಿತೇ? ಬೂಟ್ ಹರಿದಿದೆಯೇ? ಗೈಡ್ ಪಿನ್ನುಗಳು ಜಾರುತ್ತಿವೆಯೇ? ಬ್ರೇಕ್ ದ್ರವವನ್ನು ಕೊನೆಯ ಬಾರಿ ಬದಲಾಯಿಸಿದ್ದು ಯಾವಾಗ? ಹೀಗೆ ಕೇಳಿದರೆ ಒಳ್ಳೆಯ ಮೆಕ್ಯಾನಿಕ್ ಬೇಸರಪಡುವುದಿಲ್ಲ. 'ಪಿಸ್ಟನ್ ಬಿಗಿಯಾಗಿದೆ, ಕಿಟ್ ಹಾಕಬೇಕು, ಕಾರು ನಾಳೆ ಸಿಗುತ್ತದೆ' ಎಂದು ಆತ ಹೇಳಿದರೆ ನಾವೂ ಬೇಸರಪಡಬಾರದು. ಹುಡುಗ ಸಲಾಕೆ ಹಿಡಿದು ಮೀಟುವುದಕ್ಕೆ ಎಷ್ಟೋ ವೇಳೆ ನಮ್ಮ ಆತುರವೇ ಕಾರಣವಾಗಿರುತ್ತದೆ. ಅಂದು ಸಂಜೆಯೊಳಗೆ ಕಾರು ಬೇಕೆಂದು ಅವಸರಪಡಿಸಿದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಸರಿಯದ ಪಿಸ್ಟನ್ ನಮ್ಮ ಕೆಲಸಕ್ಕೆ ಅಡ್ಡಿಯೆಂದು ತೋರಬಹುದು. ವಾಸ್ತವದಲ್ಲಿ ಅದು, ಘಟ್ಟದಲ್ಲಿ ಕಾಣಿಸಿಕೊಳ್ಳಬೇಕಾಗಿದ್ದ ದೋಷವನ್ನು ಗ್ಯಾರೇಜಿನ ಸುರಕ್ಷಿತ ನೆಲದ ಮೇಲೆಯೇ ತೋರಿಸಿಕೊಡುತ್ತಿರುತ್ತದೆ. ಬಲ ಪ್ರಯೋಗಿಸುವ ಮೊದಲು ಕಾರಣ ವಿಚಾರಿಸೋಣ. ಊರಿನ ಹಾದಿಯಲ್ಲಿ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸುವವರ ಪ್ರಾಣ ನಮ್ಮ ಹೊಣೆಯಾಗಿದೆ.